ಈಸ್ಟ್ ಇಲ್ಲದ ಮನೆ ಬ್ರೆಡ್ಡು: ಯಂತ್ರದಲ್ಲಿ ಹಿಟ್ಟು ಕಲಸುವ ಸುಲಭ ಕ್ರಮಗಳು

ಬ್ರೆಡ್ಡಿನ ವಿಷಯ ಬಂದರೆ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಾಗುತ್ತವೆ. ಮಕ್ಕಳಿಗೆ ಅದು ಬೇಕು, ಹಿರಿಯರು ಅದನ್ನು ಮುಟ್ಟುವುದಿಲ್ಲ. ಅಂಗಡಿಯ ಬ್ರೆಡ್ಡಿನ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ ನಿಜ. ಆದರೆ ಆ ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಈಸ್ಟ್ ಇಲ್ಲ ಎಂದು ಹೇಳುವುದಿಲ್ಲ. ಈಸ್ಟ್ ಎಂದರೆ ಏಕಕೋಶದ ಶಿಲೀಂಧ್ರ. ಪುಡಿಯ ರೂಪದಲ್ಲಿ ಮಾರುವ ಒಣ ಈಸ್ಟ್ ಕೂಡ ಸತ್ತದ್ದಲ್ಲ, ನೀರು ಮತ್ತು ಬಿಸುಪು ಸಿಕ್ಕಿದೊಡನೆ ಎಚ್ಚೆತ್ತು ಬೆಳೆಯುತ್ತದೆ. ಹಾಗಾಗಿ ನಿಯಮ ಪಾಲಿಸುವ ಶ್ರಾವಕ ಮನೆಗಳಲ್ಲಿ ಅದನ್ನು ಬಿಡುತ್ತಾರೆ. 2016ರಲ್ಲಿ ಬ್ರೆಡ್ಡಿಗೆ ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿತು. ಆ ಸುದ್ದಿಯ ಮೇಲೆ ಮನೆಯಲ್ಲೇ ಬ್ರೆಡ್ಡು ಮಾಡಬೇಕೆನ್ನುವವರೂ ಹೆಚ್ಚಾದರು.

ಮನೆಯಲ್ಲಿ ಮಾಡುವಾಗ ಎದುರಾಗುವ ಕಷ್ಟ ಒಂದೇ, ಹೊತ್ತು. ಎಲ್ಲರೂ ಹೇಳುವ ಸುಲಭ ದಾರಿ ಎಂದರೆ ರಾತ್ರಿ ಹಿಟ್ಟು ಕಲಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬೇಯಿಸುವುದು. ಆ ದಾರಿ ನಮಗೆ ಮುಚ್ಚಿದೆ. ನೀರು ತಾಕಿದ ಹಿಟ್ಟನ್ನು ರಾತ್ರಿ ದಾಟಿಸಿದರೆ ಅದು ತಂಗಳು. ಇತ್ತ ಸಂಜೆ ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿಯಬೇಕು. ನವೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ 5-50ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಸೂರ್ಯಾಸ್ತಕ್ಕೆ 48 ನಿಮಿಷ ಮೊದಲೇ ಕೈ ತೊಳೆಯುವ ಮನೆಗಳಿಗಂತೂ ಐದು ಗಂಟೆಯೇ ಗಡಿ. ಆದ್ದರಿಂದ ನಾವು ಹೊತ್ತು ಉಳಿಸುವುದಿದ್ದರೆ ಹಿಟ್ಟು ಕಲಸುವ ಕೆಲಸದಲ್ಲೇ ಉಳಿಸಬೇಕು.

ನಮ್ಮ ಮನೆಯಲ್ಲಿ ಯಂತ್ರದ ಕಡೆ ತಿರುಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಅತ್ತೆಯವರ ಕೈಬೆರಳ ಗಂಟುಗಳಲ್ಲಿ ನೋವು ಬಂದು ಕಣಕ ನಾದುವುದು ಅವರಿಂದ ಆಗದಾಯಿತು. ಮೂವತ್ತು ವರ್ಷ ಇಡೀ ಮನೆಗೆ ಚಪಾತಿ ಹಿಟ್ಟು ನಾದಿದ ಕೈ ಅದು. ಯಂತ್ರದ ಹಿಟ್ಟು ಶುದ್ಧವಾಗಿರುತ್ತದೆಯೇ ಎಂದು ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಈ ಲೇಖನದ ಬಹುಪಾಲು ತಯಾರಾಯಿತು.

ಒಂದು ಮಾತು ಮೊದಲೇ ಹೇಳಬೇಕು. ಮುನಿಗಳ, ತ್ಯಾಗಿಗಳ ಆಹಾರಕ್ಕಾಗಿ ಚೌಕದಲ್ಲಿ ಮಾಡುವ ಅಡುಗೆಯ ಕ್ರಮವೇ ಬೇರೆ. ಇಲ್ಲಿರುವುದು ಗೃಹಸ್ಥರ ದಿನನಿತ್ಯದ ಅಡುಗೆಗೆ ಮಾತ್ರ. ಅದರಲ್ಲೂ ಪಂಥ, ಊರು, ಮನೆತನದಂತೆ ಪದ್ಧತಿ ಬದಲಾಗುತ್ತದೆ. ನಿಮ್ಮ ಮನೆಯ ಹಿರಿಯರ ಮಾತೇ ಕೊನೆಯದು.

ಯಂತ್ರಕ್ಕೆ ಹಾಕುವ ಮೊದಲು

ಅತ್ತೆಯವರ ಮೊದಲ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಕೈಯಲ್ಲಿ ಕಲಸುವಾಗ ಹಿಟ್ಟು ಕಣ್ಣೆದುರಿಗೇ ಇರುತ್ತದೆ. ಒಂದು ಹುಳು ಕಂಡರೂ ಕೈ ನಿಲ್ಲುತ್ತದೆ, ಅದನ್ನು ಮೆಲ್ಲಗೆ ಎತ್ತಿ ಹೊರಗೆ ಬಿಡಬಹುದು. ಯಂತ್ರದ ಮುಚ್ಚಳ ಹಾಕಿ ಗುಂಡಿ ಒತ್ತಿದ ಮೇಲೆ ಒಳಗೆ ಏನಿತ್ತೆಂದು ಯಾರಿಗೂ ತಿಳಿಯದು. ಆದ್ದರಿಂದ ಯಂತ್ರ ಬಳಸುವ ಮನೆಯಲ್ಲಿ ಜರಡಿ ಹಿಡಿಯುವುದನ್ನು ಎಂದೂ ಬಿಡಬಾರದು. ಸಣ್ಣ ಕಣ್ಣಿನ ಜರಡಿಯಲ್ಲಿ, ಬಿಳಿ ಕಾಗದ ಅಥವಾ ಅಗಲ ತಟ್ಟೆಯ ಮೇಲೆ, ಹಗಲಿನ ಬೆಳಕಿನಲ್ಲಿ ಹಿಟ್ಟು ಜರಡಿ ಹಿಡಿಯಿರಿ. ಹಿಟ್ಟು ಎಳೆ ಎಳೆಯಾಗಿ ಅಂಟಿಕೊಂಡು ಬಲೆಯಂತೆ ಕಂಡರೆ ಹುಳು ಆಗಿದೆ ಎಂದೇ ಅರ್ಥ, ಅದನ್ನು ಬಳಸಬೇಡಿ.

ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಎಂಬ ಲೆಕ್ಕ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ಈ ಲೆಕ್ಕಕ್ಕಾಗಿಯೇ ಮನೆಯಲ್ಲಿ ಚಿಕ್ಕ ವಿದ್ಯುತ್ ಗಿರಣಿ ಇಟ್ಟುಕೊಂಡವರು ಹಲವರಿದ್ದಾರೆ. ಗಿರಣಿಯಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಅದನ್ನು ಹರಡಿ ಪೂರ್ತಿ ಆರಿಸಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಹಿಟ್ಟನ್ನು ಮುಚ್ಚಿಟ್ಟರೆ ಒಳಗೆ ಬೆವರು ಬಂದು ಮುಗ್ಗುತ್ತದೆ.

ನೀರಿನ ವಿಷಯದಲ್ಲೂ ಯಂತ್ರದ್ದೊಂದು ತೊಡಕಿದೆ. ಬ್ಲೇಡು ವೇಗವಾಗಿ ತಿರುಗಿದಾಗ ಉಜ್ಜಾಟಕ್ಕೆ ಹಿಟ್ಟು ಬಿಸಿಯಾಗುತ್ತದೆ. ಬಿಸಿಯಾದ ಹಿಟ್ಟು ಜಿಗುಟಾಗಿ ಬ್ಲೇಡಿಗೆ ಅಂಟುತ್ತದೆ. ಅದಕ್ಕೆ ತಣ್ಣೀರು ಹಾಕಬೇಕೆನ್ನುತ್ತಾರೆ. ಆದರೆ ಸೋಸಿದ ನೀರಿಗೆ 48 ನಿಮಿಷದ ಮರ್ಯಾದೆ ಲೆಕ್ಕ ಹಾಕುವವರು ನೀರನ್ನು ಗಂಟೆಗಟ್ಟಲೆ ಫ್ರಿಜ್ಜಿನಲ್ಲಿಡುವುದು ಹೇಗೆ? ಚೆನ್ನಾಗಿ ಕುದಿಸಿ ಆರಿಸಿದ ನೀರಾದರೆ 24 ಗಂಟೆಯ ಅವಕಾಶವಿದೆ, ಅದನ್ನು ತಂಪು ಮಾಡಿಕೊಳ್ಳಬಹುದು. ಇದಕ್ಕಿಂತ ಸುಲಭದ್ದೆಂದರೆ ನೀರಿನ ಬದಲು ಒಣ ಹಿಟ್ಟನ್ನೂ ಖಾಲಿ ಜಾರನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು. ಆಗ ಆಗಷ್ಟೇ ಸೋಸಿದ ನೀರೇ ಸಾಕಾಗುತ್ತದೆ.

ಮಿಕ್ಸಿ

ಎಲ್ಲರ ಮನೆಯಲ್ಲೂ ಇರುವುದು ಇದೇ, ಹೆಚ್ಚು ಹಾಳಾಗುವುದೂ ಇದೇ. ಒಮ್ಮೆ ದಶಲಕ್ಷಣ ಪರ್ವದ ಹೊತ್ತಿನಲ್ಲಿ, ಪಾರಣೆಗೆ ಬರುವವರಿದ್ದಾರೆಂಬ ಅವಸರಕ್ಕೆ, ಅರ್ಧ ಕಿಲೋ ಗೋಧಿ ಹಿಟ್ಟನ್ನು ಒಂದೇ ಸಲ ಜಾರಿಗೆ ಸುರಿದು ತಿರುಗಿಸಿದೆ. ಮೂರನೇ ಸುತ್ತಿಗೆ ಸುಟ್ಟ ವಾಸನೆ, ನಾಲ್ಕನೆಯದಕ್ಕೆ ಹೊಗೆ. ರಿಪೇರಿಯವರು ನೋಡಿ, "ಅಕ್ಕಾ, ಇದು ಚಟ್ನಿ ರುಬ್ಬೋ ಮೋಟರು, ಕಣಕ ನಾದೋದಲ್ಲ" ಎಂದರು. ಆ ದಿನ ಕೈಯಲ್ಲೇ ನಾದಿದ್ದಾಯಿತು.

ಅವರ ಮಾತು ಮುಕ್ಕಾಲು ಪಾಲು ನಿಜ. ನಮ್ಮ ಮಿಕ್ಸಿಗಳ ಮೋಟರು ಸಾಮಾನ್ಯವಾಗಿ 500ರಿಂದ 750 ವ್ಯಾಟಿನದು. ಅದಕ್ಕೆ ವೇಗ ಹೆಚ್ಚು, ನಿಧಾನವಾಗಿ ತಿರುಗುವಾಗ ಬೇಕಾದ ಬಲ ಕಡಿಮೆ. ಆದರೂ ಮಿತಿಯಲ್ಲಿ ಬಳಸಿದರೆ ಕೆಲಸ ಆಗುತ್ತದೆ. ಎಲ್ಲಕ್ಕಿಂತ ದೊಡ್ಡ ಜಾರನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದು ಕಪ್ಪು, ಎಂದರೆ 125ರಿಂದ 130 ಗ್ರಾಂ ಹಿಟ್ಟು ಮಾತ್ರ ಹಾಕಿ. ಹಿಟ್ಟಿಗೆ ಒಂದು ಚಿಕ್ಕ ಚಮಚ ಎಣ್ಣೆ ಸೇರಿಸಿ, ಮೊದಲು ಒಣದಾಗಿಯೇ ಒಂದು ಸುತ್ತು ತಿರುಗಿಸಿ, ನಂತರ ನೀರನ್ನು ಎರಡು ಮೂರು ಕಂತಿನಲ್ಲಿ ಹಾಕಿ. ಗುಂಡಿಯನ್ನು ಉಲ್ಟಾ ತಿರುಗಿಸಿ ಪಲ್ಸ್‌ನಲ್ಲಿ ಮೂರು ನಾಲ್ಕು ಸೆಕೆಂಡು ಒತ್ತಿ ಬಿಡಿ, ಮತ್ತೆ ಒತ್ತಿ ಬಿಡಿ. ಹಿಟ್ಟು ಉದುರುದುರಾಗಿ, ಹಿಡಿದರೆ ಮುಷ್ಟಿಯಲ್ಲಿ ನಿಲ್ಲುವಂತಾದಾಗ ಯಂತ್ರ ನಿಲ್ಲಿಸಿ. ಉಂಡೆಯಾಗುವವರೆಗೆ ಕಾಯಬೇಡಿ. ಉಂಡೆಯಾದ ಕ್ಷಣದಿಂದಲೇ ಮೋಟರಿಗೆ ಹೊರೆ ಬೀಳುವುದು. ಉಳಿದದ್ದನ್ನು ತಟ್ಟೆಯಲ್ಲಿ ಒಂದು ನಿಮಿಷ ಕೈಯಲ್ಲಿ ಸೇರಿಸಿದರೆ ಸಾಕು.

ನಡುವೆ ಮಿಕ್ಸಿ ತಾನಾಗಿ ನಿಂತುಹೋದರೆ ಗಾಬರಿ ಬೇಡ. ಬಹಳ ಮಿಕ್ಸಿಗಳ ತಳದಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ. ಹೊರೆ ಹೆಚ್ಚಾದಾಗ ಅದು ಹೊರಕ್ಕೆ ಬಂದು ವಿದ್ಯುತ್ ತಡೆಯುತ್ತದೆ. ಪ್ಲಗ್ ತೆಗೆದು, ಮಿಕ್ಸಿ ಆರಿದ ಮೇಲೆ ಆ ಗುಂಡಿಯನ್ನು ಒತ್ತಿದರೆ ಮತ್ತೆ ಓಡುತ್ತದೆ.

ಫುಡ್ ಪ್ರೊಸೆಸರ್

ಚಪಾತಿಯಿಂದ ಕುಲ್ಚಾದವರೆಗೆ ನಿತ್ಯದ ಕೆಲಸಕ್ಕೆ ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅನುಕೂಲ. ಅಗಲವಾದ ಬಟ್ಟಲು, ಮೇಲಿನಿಂದ ನೀರು ಹೊಯ್ಯಲು ಕೊಳವೆ, ಹಿಟ್ಟಿಗೆಂದೇ ಬೇರೆ ಬ್ಲೇಡು ಇರುತ್ತದೆ. ತರಕಾರಿ ಹೆಚ್ಚುವ ಹರಿತದ ಬ್ಲೇಡನ್ನು ಹಾಕಬೇಡಿ, ಅದು ಹಿಟ್ಟಿನ ಎಳೆಗಳನ್ನು ಕತ್ತರಿಸುತ್ತ ಹೋಗುತ್ತದೆ.

ಚಪಾತಿಗೆ ಅಳತೆ ಹೀಗಿದೆ. ಗೋಧಿ ಹಿಟ್ಟು 300 ಗ್ರಾಂ, ಅರ್ಧ ಚಿಕ್ಕ ಚಮಚ ಉಪ್ಪು, ಒಂದು ಚಮಚ ಎಣ್ಣೆ, ನೀರು 190ರಿಂದ 200 ಮಿ.ಲೀ. ಮೊದಲು ಒಣ ಹಿಟ್ಟನ್ನು ಐದು ಸೆಕೆಂಡು ತಿರುಗಿಸಿ. ಯಂತ್ರ ಓಡುತ್ತಿರುವಾಗಲೇ ನೀರನ್ನು ಸಣ್ಣ ಧಾರೆಯಾಗಿ ಬಿಡಿ. ಅರ್ಧ ನಿಮಿಷದೊಳಗೆ ಹಿಟ್ಟು ಬಟ್ಟಲಿನ ಗೋಡೆ ಬಿಟ್ಟು ಉಂಡೆಯಾಗಿ ಬ್ಲೇಡಿನ ಜೊತೆ ಸುತ್ತಲು ತೊಡಗುತ್ತದೆ. ಅಲ್ಲಿಂದ ಮುಂದೆ 30 ಸೆಕೆಂಡು ಸಾಕು. ಕೈಯಲ್ಲಿ ಹತ್ತು ನಿಮಿಷ ನಾದುವ ಕೆಲಸ ಇಲ್ಲಿ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಇನ್ನಷ್ಟು ಮೆತ್ತಗಾಗಲಿ ಎಂದು ಓಡಿಸುತ್ತಲೇ ಇದ್ದರೆ ಹಿಟ್ಟು ಬಿಸಿಯಾಗಿ ಜಿಗುಟುಗಟ್ಟುತ್ತದೆ, ಚಪಾತಿ ರಬ್ಬರಿನಂತಾಗುತ್ತದೆ.

ಆಗಷ್ಟೇ ಬೀಸಿದ ಮನೆ ಹಿಟ್ಟಿನಲ್ಲಿ ತೌಡಿನ ಅಂಶ ಹೆಚ್ಚಿರುತ್ತದೆ, ಅದು ನೀರನ್ನು ನಿಧಾನವಾಗಿ ಹೀರುತ್ತದೆ. ಕಲಸಿದಾಗ ಸರಿ ಇದ್ದ ಹಿಟ್ಟು ಹತ್ತು ನಿಮಿಷದ ಮೇಲೆ ಗಟ್ಟಿಯಾಗುವುದು ಇದರಿಂದಲೇ. ಅಂಥ ಹಿಟ್ಟಿಗೆ ಎರಡು ಚಮಚ ನೀರು ಹೆಚ್ಚು ಹಾಕಿ, ಸ್ವಲ್ಪ ಮೆತ್ತಗೇ ಇರಲಿ.

ಗ್ರೈಂಡರ್, ಹುಕ್ಕಿನ ಮಿಕ್ಸರ್, ಬ್ರೆಡ್ ಮೆಷಿನ್

ದೋಸೆ ಹಿಟ್ಟು ರುಬ್ಬುವ ಮೇಜಿನ ಗ್ರೈಂಡರಿನ ಜೊತೆ ಹಿಟ್ಟು ಕಲಸುವ ಒಂದು ಸಲಕರಣೆ ಬಂದಿರುತ್ತದೆ. ಕಾಯಿ ತುರಿಯುವುದರ ಪಕ್ಕದಲ್ಲಿ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ, ಹುಡುಕಿ ನೋಡಿ. ಕಲ್ಲುಗಳನ್ನು ತೆಗೆದು ಅದನ್ನು ಕೂರಿಸಿದರೆ ಪಾತ್ರೆ ನಿಧಾನವಾಗಿ ತಿರುಗುತ್ತ ಹಿಟ್ಟನ್ನು ನಾದುತ್ತದೆ. 2 ಲೀಟರಿನ ಗ್ರೈಂಡರಿಗೆ ಅರ್ಧ ಕಿಲೋ ಹಿಟ್ಟು ಸರಿಹೋಗುತ್ತದೆ. ಎಂಟರಿಂದ ಹತ್ತು ನಿಮಿಷ ಬೇಕು. ಹೊತ್ತು ಹೆಚ್ಚು ಹಿಡಿದರೂ ಹಿಟ್ಟು ಬಿಸಿಯಾಗುವುದಿಲ್ಲ, ಮೇಲೆ ಮುಚ್ಚಳವಿಲ್ಲದೆ ಕಣ್ಣಿಗೆ ಕಾಣುತ್ತಿರುತ್ತದೆ. ಅತ್ತೆಯವರು ಒಪ್ಪಿದ ಮೊದಲ ಯಂತ್ರ ಇದೇ. ಮಗ್ಗುಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಅವರೇ ನೀರು ಹನಿಸುತ್ತಾರೆ. ಹಿಂದಿನ ದಿನದ ಉದ್ದಿನ ಹಿಟ್ಟು ಅಂಚಿನಲ್ಲಿ ಉಳಿದಿಲ್ಲವೇ ಎಂದು ಮಾತ್ರ ನೋಡಿಕೊಳ್ಳಬೇಕು.

ಕೇಕಿಗೆಂದು ಕೊಂಡ ಸ್ಟ್ಯಾಂಡ್ ಮಿಕ್ಸರ್ ಇದ್ದರೆ ಕೊಕ್ಕೆಯಂಥ ಹುಕ್ಕು ಹಾಕಿ, ಕಡಿಮೆ ವೇಗದಲ್ಲಿ ಐದಾರು ನಿಮಿಷ ಓಡಿಸಿ. ವೇಗ ಹೆಚ್ಚಿಸಿದರೆ ಯಂತ್ರವೇ ಮೇಜಿನ ಮೇಲೆ ನಡೆಯಲು ಶುರುಮಾಡುತ್ತದೆ.

ಬ್ರೆಡ್ ಮೆಷಿನ್ ಕೊಳ್ಳುವ ಮೊದಲು ಯೋಚಿಸಿ. ಅದರ ಹೆಚ್ಚಿನ ಕಾರ್ಯಕ್ರಮಗಳು ಈಸ್ಟ್ ಉಬ್ಬುವ ಹೊತ್ತಿನ ಲೆಕ್ಕದಲ್ಲಿವೆ. ಹಿಟ್ಟನ್ನು ಬೆಚ್ಚಗೆ ಮಾಡಿ ಗಂಟೆಗಟ್ಟಲೆ ಇಡುವುದೇ ಅದರ ಕೆಲಸ. ರಾತ್ರಿ ಎಲ್ಲ ಹಾಕಿಟ್ಟು ಬೆಳಿಗ್ಗೆಗೆ ಸಮಯ ಕೂರಿಸುವ ಸೌಕರ್ಯವಂತೂ ನಮ್ಮ ಉಪಯೋಗಕ್ಕೆ ಬಾರದು. ಈಗಾಗಲೇ ಮನೆಯಲ್ಲಿದ್ದರೆ ಪಾಸ್ತಾ ಹಿಟ್ಟಿನ ಕಾರ್ಯಕ್ರಮದಲ್ಲಿ ನಾದಿಸಿಕೊಳ್ಳಿ, ಬೇಕಿಂಗ್ ಪೌಡರಿನ ಬ್ರೆಡ್ಡಿಗೆ ಕೇಕಿನ ಕಾರ್ಯಕ್ರಮ ಬಳಸಿ.

ನಾದದೆ ನಾದುವುದು

ಯಂತ್ರವೇ ಇಲ್ಲದವರಿಗೂ ಒಂದು ಉಪಾಯವಿದೆ. ಗೋಧಿ ಹಿಟ್ಟಿಗೆ ನೀರು ತಾಕಿದೊಡನೆ ಅದರೊಳಗಿನ ಪ್ರೋಟೀನುಗಳು ತಾವಾಗಿ ಹೆಣೆದುಕೊಂಡು ಗ್ಲೂಟೆನ್ ಎಂಬ ಜಾಲವಾಗಲು ತೊಡಗುತ್ತವೆ. ನಾದುವುದು ಆ ಕೆಲಸವನ್ನು ಬೇಗ ಮಾಡಿಸುತ್ತದೆ, ಅಷ್ಟೇ. ಹಿಟ್ಟು ಮತ್ತು ನೀರನ್ನು ಗಂಟಿಲ್ಲದಂತೆ ಸೇರಿಸಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಟ್ಟರೆ ಅರ್ಧ ಕೆಲಸ ತಾನೇ ಆಗಿರುತ್ತದೆ. ಫ್ರಾನ್ಸಿನ ಬ್ರೆಡ್ ತಜ್ಞ ರೇಮಂಡ್ ಕಾಲ್ವೆಲ್ 1970ರ ದಶಕದಲ್ಲಿ ಇದನ್ನೊಂದು ಕ್ರಮವಾಗಿ ಕಲಿಸಿ ಹೆಸರುವಾಸಿಯಾದರು. ಹೋಳಿಗೆ ಕಣಕವನ್ನು ನೆನೆಯಲು ಬಿಡುವ ನಮ್ಮ ಅಜ್ಜಿಯಂದಿರಿಗೆ ಇದು ಹೊಸದೇನಲ್ಲ. ಯಂತ್ರದಲ್ಲೂ ಹೀಗೇ ಮಾಡಿ: 20 ಸೆಕೆಂಡು ಓಡಿಸಿ, 20 ನಿಮಿಷ ಬಿಟ್ಟು, ಮತ್ತೆ 20 ಸೆಕೆಂಡು ಓಡಿಸಿ. ಮೋಟರಿಗೂ ಹೊರೆ ತಪ್ಪುತ್ತದೆ.

ಉಬ್ಬಿಸುವುದು ಹೇಗೆ

ಈಸ್ಟ್ ಬಿಟ್ಟರೆ ಉಳಿಯುವುದು ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್. ಸೋಡಾಕ್ಕೆ ಹುಳಿ ತಾಕಿದಾಗ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ, ಅವೇ ಬ್ರೆಡ್ಡನ್ನು ಹಗುರ ಮಾಡುತ್ತವೆ. ಹುಳಿಗೆ ಮಜ್ಜಿಗೆ ಸಾಕು. ಬರೆದಿಟ್ಟ ಪಾಕಗಳಲ್ಲಿ ವಿನೆಗರ್ ಎಂದಿದ್ದರೆ ಅದನ್ನು ಬಿಡಿ, ಅದು ಹುದುಗಿಸಿಯೇ ಮಾಡಿದ್ದು. ನಿಂಬೆರಸ ಹಾಕಿ. ಮಜ್ಜಿಗೆ ಬೇಡವೆನ್ನುವವರು 200 ಮಿ.ಲೀ. ಹಾಲಿಗೆ ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ ಐದು ನಿಮಿಷ ಬಿಟ್ಟರೆ ಅದೇ ಕೆಲಸ ಮಾಡುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಅಂಗಡಿಯ ಮಲ್ಟಿಗ್ರೇನ್ ಹಿಟ್ಟುಗಳಲ್ಲಿ ಕಡಲೆ ಹಿಟ್ಟು ಬೆರೆತಿರುವುದುಂಟು. ಅದಕ್ಕೆ ಮೊಸರು, ಮಜ್ಜಿಗೆ ಸೇರಿದರೆ ದ್ವಿದಳವಾಗುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ. ಬರೀ ಗೋಧಿಯಾದರೆ ಮಜ್ಜಿಗೆ ಹಾಕಬಹುದು, ಕಾಳು ಬೆರೆತಿದ್ದರೆ ನಿಂಬೆರಸ ಮತ್ತು ನೀರು ಮಾತ್ರ. ಮೊಸರಿನ ಜೊತೆ ಬೆಲ್ಲ ಸೇರಿಸುವುದನ್ನೂ ನಮ್ಮಲ್ಲಿ ನಿಷೇಧಿಸುತ್ತಾರೆ, ಸಿಹಿ ಬ್ರೆಡ್ಡು ಮಾಡುವವರು ಇದನ್ನು ನೆನಪಿಡಿ.

ಬ್ರೆಡ್ಡಿನ ಅಳತೆ: ಗೋಧಿ ಹಿಟ್ಟು 125 ಗ್ರಾಂ, ಮೈದಾ 125 ಗ್ರಾಂ, ಬೇಕಿಂಗ್ ಪೌಡರ್ ಒಂದು ಚಿಕ್ಕ ಚಮಚ, ಸೋಡಾ ಅರ್ಧ ಚಿಕ್ಕ ಚಮಚ, ಉಪ್ಪು ಅರ್ಧ ಚಿಕ್ಕ ಚಮಚ, ತುಪ್ಪ ಎರಡು ದೊಡ್ಡ ಚಮಚ, ಅದೇ ದಿನದ ಮೊಸರಿನಿಂದ ಕಡೆದ ಮಜ್ಜಿಗೆ 200ರಿಂದ 220 ಮಿ.ಲೀ. ಮೊದಲು ಓವನನ್ನು 200 ಡಿಗ್ರಿಗೆ ಕಾಯಲು ಇಡಿ. ಒಣ ಪದಾರ್ಥಗಳನ್ನು ಫುಡ್ ಪ್ರೊಸೆಸರಿನಲ್ಲಿ ಹತ್ತು ಸೆಕೆಂಡು ತಿರುಗಿಸಿ. ತುಪ್ಪ ಹಾಕಿ ಎಂಟು ಹತ್ತು ಸಲ ಪಲ್ಸ್ ಒತ್ತಿದರೆ ಹಿಟ್ಟು ರವೆಯಂತಾಗುತ್ತದೆ. ಮಜ್ಜಿಗೆ ಹೊಯ್ದು ನಾಲ್ಕೈದು ಸಲ ಮಾತ್ರ ಒತ್ತಿ, ಒಣ ಹಿಟ್ಟು ಕಾಣದಂತಾದರೆ ನಿಲ್ಲಿಸಿ.

ಇಲ್ಲಿ ನಾದಬಾರದು. ಚಪಾತಿಯ ಅಭ್ಯಾಸದ ಕೈಗೆ ಇದು ಒಪ್ಪುವುದಿಲ್ಲ, ಹಿಟ್ಟು ಅಂಟಂಟಾಗಿ, ಕೆಟ್ಟಿದೆಯೇನೋ ಎನ್ನುವಂತೆ ಕಾಣುತ್ತದೆ. ಆದರೆ ಸೋಡಾದ ಬ್ರೆಡ್ಡನ್ನು ನಾದಿದರೆ ಗುಳ್ಳೆಗಳೆಲ್ಲ ಹೊರಟುಹೋಗಿ ಇಟ್ಟಿಗೆಯಾಗುತ್ತದೆ. ಮಜ್ಜಿಗೆ ತಾಕಿದ ಹತ್ತು ನಿಮಿಷದೊಳಗೆ ಎಣ್ಣೆ ಸವರಿದ ಪಾತ್ರೆಗೆ ಹಾಕಿ ಓವನಿಗೆ ಸೇರಿಸಿ. 35ರಿಂದ 40 ನಿಮಿಷದಲ್ಲಿ ಬೇಯುತ್ತದೆ. ತಿರುವಿ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಆರಲು 20 ನಿಮಿಷ ಕೊಡಿ, ಬಿಸಿಯಲ್ಲೇ ಕೊಯ್ದರೆ ಒಳಗೆ ಹಸಿಹಿಟ್ಟಿನಂತೆ ಅಂಟುತ್ತದೆ. ಐದು ಗಂಟೆಗೆ ಊಟಕ್ಕೆ ಕೂರುವ ಮನೆಯವರು ಮೂರೂಮುಕ್ಕಾಲಿಗೆ ಜರಡಿ ಹಿಡಿದರೆ ಸರಿಯಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಕುಕ್ಕರಿನಲ್ಲಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ರಬ್ಬರು ಮತ್ತು ವೆಯ್ಟು ತೆಗೆದು ಹತ್ತು ನಿಮಿಷ ಕಾಯಿಸಿ. ನಂತರ ಹಿಟ್ಟಿನ ಪಾತ್ರೆಯನ್ನಿಟ್ಟು ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ ಬೇಯಿಸಿ. ಮೇಲ್ಮೈ ಕೆಂಪಗಾಗದು, ರುಚಿಗೆ ಕೊರತೆಯಿಲ್ಲ.

ಅಷ್ಟು ಹೊತ್ತೂ ಇಲ್ಲದ ದಿನ ಹೆಂಚಿನ ಕುಲ್ಚಾ ಮಾಡಬಹುದು. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಿಕ್ಕ ಚಮಚ, ಸೋಡಾ ಕಾಲು ಚಿಕ್ಕ ಚಮಚ, ಉಪ್ಪು ರುಚಿಗೆ, ಮೊಸರು 60 ಗ್ರಾಂ, ನೀರು ಸುಮಾರು 100 ಮಿ.ಲೀ., ಎಣ್ಣೆ ಒಂದು ದೊಡ್ಡ ಚಮಚ. ಇದನ್ನು ಪ್ರೊಸೆಸರಿನಲ್ಲಿ ಚಪಾತಿ ಹಿಟ್ಟಿನಂತೆಯೇ ಪೂರ್ತಿ ನಾದಿಸಿ, ಅರ್ಧ ಗಂಟೆ ಬಿಟ್ಟು ಲಟ್ಟಿಸಿ. ಹೆಂಚಿನ ಮೇಲೆ ಒಂದೊಂದು ಮಗ್ಗುಲಿಗೆ ಎರಡು ನಿಮಿಷ ಬೇಯಿಸಿ. ಬೆಳ್ಳುಳ್ಳಿಯ ಬದಲು ಮೇಲೆ ಕೊತ್ತಂಬರಿ ಸೊಪ್ಪು, ಕರಿ ಎಳ್ಳು ಒತ್ತಿದರೆ ಮಕ್ಕಳು ಬೇರೇನೂ ಕೇಳುವುದಿಲ್ಲ.

ಮೂಡಬಿದಿರೆ, ಕಾರ್ಕಳದ ಕಡೆಯವರಿಗೆ ಬನ್ಸ್ ನೆನಪಾಗದೆ ಇರದು. ಸಾಮಾನ್ಯವಾಗಿ ಅದರ ಹಿಟ್ಟನ್ನು ಮೊಸರು ಹಾಕಿ ರಾತ್ರಿಯಿಡೀ ಇಡುತ್ತಾರೆ. ಮೊಸರು ಬಿಟ್ಟು, ಚೆನ್ನಾಗಿ ಮಾಗಿದ ಬಾಳೆಹಣ್ಣನ್ನು ಸಕ್ಕರೆ ಮತ್ತು ಒಂದು ಚಿಕ್ಕ ಚಮಚ ನಿಂಬೆರಸದ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ತಿರುಗಿಸಿ, ಮೈದಾ, ಜೀರಿಗೆ, ಉಪ್ಪು, ಚಿಟಿಕೆ ಸೋಡಾ ಸೇರಿಸಿ ಕಲಸಿ. ಒಂದು ಗಂಟೆ ಬಿಟ್ಟು ಕರಿದರೆ ರಾತ್ರಿ ಇಟ್ಟದ್ದರಷ್ಟು ಒಳಗೆ ಜಾಲರಿಯಾಗುವುದಿಲ್ಲ, ಆದರೆ ಉಬ್ಬಿ ಮೆತ್ತಗೆ ಬರುತ್ತದೆ.

ಮೊದಲೇ ಮಾಡಿಡಬಹುದಾದದ್ದು

ಕಲಸಿದ ಹಿಟ್ಟನ್ನು ಇಡುವಂತಿಲ್ಲ ನಿಜ, ಆದರೆ ಒಣ ಮಿಶ್ರಣವನ್ನು ಇಡಬಹುದಲ್ಲ. ಜರಡಿ ಹಿಡಿದ ಹಿಟ್ಟು, ಉಪ್ಪು, ಬೇಕಿಂಗ್ ಪೌಡರ್, ಸೋಡಾ ಸೇರಿಸಿ ಒಂದೊಂದು ಬ್ರೆಡ್ಡಿನ ಅಳತೆಯಂತೆ ಡಬ್ಬಿಗಳಿಗೆ ತುಂಬಿ, ಮುಚ್ಚಳದ ಮೇಲೆ ಬೀಸಿದ ದಿನಾಂಕ ಬರೆಯಿರಿ. ಹಿಟ್ಟಿನ ಮರ್ಯಾದೆಯ ದಿನಗಳೇ ಇದಕ್ಕೂ ಅನ್ವಯ. ಚಾತುರ್ಮಾಸದಲ್ಲಿ ಮೂರೇ ದಿನ ಎಂಬುದನ್ನು ಮರೆಯಬೇಡಿ, ಎರಡು ಡಬ್ಬಿಗಿಂತ ಹೆಚ್ಚು ಮಾಡಿಡಬೇಡಿ. ಡಬ್ಬಿ ಕಡ್ಡಾಯವಾಗಿ ಒಣಗಿರಬೇಕು. ತೇವ ತಾಕಿದರೆ ಬೇಕಿಂಗ್ ಪೌಡರಿನ ಶಕ್ತಿ ಅಲ್ಲಿಯೇ ಮುಗಿಯುತ್ತದೆ. ಸಂದೇಹವಿದ್ದರೆ ಒಂದು ಚಿಟಿಕೆ ಪೌಡರನ್ನು ಬಿಸಿನೀರಿಗೆ ಹಾಕಿ ನೋಡಿ, ಬುಸ್ಸೆಂದು ನೊರೆ ಬಂದರೆ ಚೆನ್ನಾಗಿದೆ.

ತೊಳೆಯುವ ಕೆಲಸ

ಅತ್ತೆಯವರ ಎರಡನೇ ಪ್ರಶ್ನೆ ಇದೇ ಆಗಿತ್ತು: "ಆ ಸಂದಿಯೊಳಗೆ ಉಳಿದದ್ದನ್ನು ಯಾರು ತೆಗೀತಾರೆ?" ಬ್ಲೇಡಿನ ಬುಡ, ಮುಚ್ಚಳದ ರಬ್ಬರಿನ ಒಳಭಾಗ, ನೀರು ಹೊಯ್ಯುವ ಕೊಳವೆ, ಈ ಮೂರು ಕಡೆ ಒದ್ದೆ ಹಿಟ್ಟು ಉಳಿಯುತ್ತದೆ. ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಹುಳಿವಾಸನೆ ಬರುತ್ತದೆ, ಇರುವೆ, ನೊಣ ಮುತ್ತುತ್ತವೆ. ಮರುದಿನ ಅದೇ ಯಂತ್ರ ತಿರುಗಿಸಿದರೆ ಆಗುವ ಹಿಂಸೆ ಹೇಳಬೇಕಿಲ್ಲ. ಕೆಲಸ ಮುಗಿದ ಕೂಡಲೇ ಒಂದು ಹಿಡಿ ಒಣ ಹಿಟ್ಟನ್ನು ಖಾಲಿ ಬಟ್ಟಲಿಗೆ ಹಾಕಿ ಎರಡು ಸುತ್ತು ತಿರುಗಿಸಿ. ಅಂಟಿದ್ದನ್ನೆಲ್ಲ ಅದು ಎಳೆದುಕೊಳ್ಳುತ್ತದೆ, ಅದನ್ನು ಲಟ್ಟಿಸುವ ಹಿಟ್ಟಾಗಿ ಆಗಲೇ ಬಳಸಬಹುದು. ನಂತರ ಪ್ಲಗ್ ತೆಗೆದು, ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಮೊದಲೇ ಹಾಕಿದರೆ ಹಿಟ್ಟು ಬೆಂದು ಗೋಂದಿನಂತೆ ಕಚ್ಚುತ್ತದೆ. ರಬ್ಬರು ಬಿಚ್ಚಿ, ಹಳೆಯ ಮೆತ್ತನೆಯ ಬ್ರಷ್ಷಿನಿಂದ ಸಂದಿ ಉಜ್ಜಿ, ಎಲ್ಲವನ್ನೂ ಬಿಡಿಬಿಡಿಯಾಗಿ ಬೋರಲು ಹಾಕಿ ಒಣಗಿಸಿ. ಜೋಡಿಸಿಡುವುದು ಮರುದಿನ ಬೆಳಕಿನಲ್ಲಿ, ಒಳಗೆ ಏನೂ ಇಲ್ಲವೆಂದು ನೋಡಿಕೊಂಡ ಮೇಲೆಯೇ.